ನಂಬರ್ ತೋರಿಸದ ಕರೆ

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಿದರೆ ಮರ್ಲೀನ್ ಬದುಕಿ ಉಳಿಯುತ್ತಾಳೆ? ಓದುಗರೇ, ನನಗಿರುವ ಪ್ರಶ್ನೆ ಇದೊಂದೇ. ಸಮುದ್ರದಿಂದ ಆರಂಭಿಸಿ ನೋಡಿದೆ: ಬರ್ನಿ ಎಂಬ ಬಂದರು ಊರಿನ ದಂಡೆ, ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಕೊರೆಯುವ ಗಾಳಿ, ದೂರದಲ್ಲೊಂದು ಸರಕು ಹಡಗು. ಹರಿದು ಹಾಕಿದೆ. ಕಾರಿನಲ್ಲಿ ಮಲಗುವವರಿಗೆ ಗಾಳಿಯನ್ನು ವರ್ಣಿಸುವ ಪುರುಸೊತ್ತು ಇರುವುದಿಲ್ಲ. (ನಾನು ಓದಿ ಬೆಳೆದ ಅಗ್ಗದ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲ ಪುಟದಲ್ಲೇ ಹೆಣ ಬೀಳುತ್ತಿತ್ತು. ಇಲ್ಲಿ ಕೊನೆಯ ಪುಟದಲ್ಲೂ ಬೀಳಬಾರದು.)

೨

ಸರಿ, ಹೀಗೆ. ಮರ್ಲೀನ್ ಐವತ್ತು ದಾಟಿದವಳು. ಗಂಡ ಡ್ಯಾರಿಲ್‌ನಿಂದ ತಪ್ಪಿಸಿಕೊಂಡು ಬಂದವಳು. ಅವಳು ಎಲ್ಲಿ ಬಾಡಿಗೆಗೆ ಮನೆ ಹಿಡಿದರೂ ಅವನು ಹುಡುಕಿಕೊಂಡು ಬಂದ. ಬರುವ ಮೊದಲು ಫೋನ್ ಮಾಡುತ್ತಿದ್ದ, ಇಲ್ಲವೇ ಗೆಳೆಯರಿಂದ ಮಾಡಿಸುತ್ತಿದ್ದ. ಪರದೆಯ ಮೇಲೆ ನಂಬರ್ ಕಾಣದಂತೆ. ಈಗ ಅವಳ ಮನೆಯೆಂದರೆ ಹಳೆಯ ಕಾರಿನ ಹಿಂದಿನ ಸೀಟು.

ಬಡಾವಣೆಯ ಸಮುದಾಯ ಕೇಂದ್ರದಲ್ಲಿ ಸೇಲಾ ಇದ್ದಾಳೆ. ಟೋಂಗಾ ದ್ವೀಪದಿಂದ ಬಂದು ಇಲ್ಲಿಯವಳೇ ಆದವಳು. ಸೂರು ತಪ್ಪಲಿರುವವರನ್ನು ತಪ್ಪುವ ಮೊದಲೇ ಹಿಡಿದು ನಿಲ್ಲಿಸುವುದು, ತಪ್ಪಿದವರನ್ನು ಕಾಯಂ ಮನೆಗೆ ದಾಟಿಸುವುದು ಅವಳ ಕೆಲಸ. ಅವಳ ಓಡಾಟದ ಫಲವಾಗಿ ಪಕ್ಕದ ವಿನ್‌ಯಾರ್ಡ್ ಊರಿನಲ್ಲಿ ಮರ್ಲೀನ್‌ಗೊಂದು ಮನೆ ಒದಗಿದೆ. ಮನೆ ಹಂಚುವ ಕಚೇರಿ ಫೋನ್ ಮಾಡುತ್ತದೆ. ಅವಳು 'ಬೇಕು' ಎನ್ನಬೇಕು. ಅಷ್ಟೇ.

ಆದರೆ ಆ ಕಚೇರಿಯೂ ತನ್ನ ಸಿಬ್ಬಂದಿಯ ಸುರಕ್ಷತೆಗೆಂದು ನಂಬರ್ ತೋರಿಸದೆಯೇ ಕರೆ ಮಾಡುತ್ತದೆ. ಎರಡು ಸಲ. ಎತ್ತದಿದ್ದರೆ ಮನೆ ಪಟ್ಟಿಯಲ್ಲಿ ಮುಂದಿರುವವರಿಗೆ. (ಈ ನಿಯಮವನ್ನು ಕಟ್ಟಿದವನು ನಾನೇ. ಬರೆದ ಮೇಲೆ ಅದು ನನ್ನ ಮಾತನ್ನೂ ಕೇಳುತ್ತಿಲ್ಲ.)

ಇಂದು ಬೆಳಿಗ್ಗೆ ಅಂಥದ್ದೊಂದು ಕರೆ ಬಂತು. ಮರ್ಲೀನ್ ಫೋನನ್ನು ಕಂಬಳಿಯಡಿ ತುರುಕಿ, ಅದರ ಮೇಲೆ ಕುಳಿತಳು.

೪

(ಮೂರನೆಯ ಭಾಗದಲ್ಲಿ ವಸತಿ ಸಮಸ್ಯೆಯ ಬಗ್ಗೆ ಒಂದು ಭಾಷಣವಿತ್ತು. ಕೇಂದ್ರದಲ್ಲಿ ಸೂಪು ಹಂಚುವ ಸಾಲಿನಲ್ಲಿ ನಿಂತಿದ್ದ ನನ್ನ ಕೈಯಿಂದ ಸೇಲಾ ಅದನ್ನು ಕಿತ್ತು ಓದಿ, "ಇದನ್ನ ಮೇಯರ್‌ಗೆ ಕೊಡು, ಚಪ್ಪಾಳೆ ತಟ್ಟಿಸ್ಕೋತಾರೆ" ಎಂದಳು. ಕೈಬಿಟ್ಟೆ.)

ಮಧ್ಯಾಹ್ನ. ಕೇಂದ್ರದ ಹಿಂದೆ ಕಾರು ನಿಲ್ಲಿಸುವ ಜಾಗ. ಸೇಲಾ ಕುಂಬಳಕಾಯಿ ಸೂಪಿನ ಲೋಟ ಹಿಡಿದು ಕಾರಿಗೊರಗಿ ನಿಂತಿದ್ದಾಳೆ, ಮರ್ಲೀನ್ ಒಳಗೆ ಸೀಟಿನಲ್ಲಿ.

"ಬೆಳಿಗ್ಗೆ ಬಂದಿದ್ದು ಕಚೇರಿಯವರದೇ ಇರ್ಬೇಕು ಕಣೇ!"

"ಇರ್ಬೇಕು ಅಂದ್ರೆ? ಅವರದೇ ಅಂತ ಹೇಳು ನೋಡೋಣ."

ಸೇಲಾ ಹೇಳಲಿಲ್ಲ. (ಸುಳ್ಳು ಹೇಳುವವಳಾಗಿ ಅವಳನ್ನು ಬರೆಯಲು ನೋಡಿದೆ. ಒಪ್ಪಲಿಲ್ಲ.)

"ನಿನ್ನ ನಂಬರಿಗೇ ಮಾಡಕ್ಕೆ ಹೇಳ್ಬಾರ್ದಾ?"

"ಹೇಳಿ ಹೇಳಿ ಬಾಯಿ ಒಣಗೋಯ್ತು. ನಿನ್ನ ಹತ್ರಾನೇ ಮಾತಾಡ್ಬೇಕಂತೆ. ನಿನ್ನ ಗುಟ್ಟು ಕಾಪಾಡ್ತಾರಂತೆ."

"ಯಾರಿಂದ, ನನ್ನಿಂದಾನಾ?"

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಬೀದಿಯಲ್ಲಿ ಹಿಂಬದಿ ತೆರೆದ ಒಂದು ಬಿಳಿ ಯೂಟ್ ಗಾಡಿ ವೇಗ ತಗ್ಗಿಸಿತು. ಮರ್ಲೀನ್ ಸೀಟಿನಲ್ಲಿ ಕುಸಿದು ಕುಳಿತಳು. ಯೂಟ್ ಮುಂದೆ ಹೋಯಿತು. ಅವಳು ತಕ್ಷಣ ಮೇಲೇಳಲಿಲ್ಲ.

೫

ಈಗ ನಾನೇ ಬಾಯಿ ಹಾಕಿದೆ.

"ಮರ್ಲೀನ್, ಮುಂದಿನ ಕರೆ ಎತ್ತು. ನಾನು ನೋಡ್ಕೋತೀನಿ."

"ನೀನ್ಯಾರಯ್ಯಾ?"

"ಬರೀತಿರೋನು."

"ಓಹೋ, ದೊಡ್ಡ ಮನುಷ್ಯ! ಹಾಗಾದ್ರೆ ಡ್ಯಾರಿಲ್‌ನ ಬರ್ದೋನೂ ನೀನೇನಾ?"

ನಾನು ಎರಡನೆಯ ಭಾಗದ ಹಾಳೆ ತಿರುವಿದೆ.

"ಅವನನ್ನ ಅಳಿಸ್ಬಿಡು. ಆಮೇಲೆ ಎತ್ತೀನಿ."

ಅಳಿಸಿದೆ. ಎರಡನೆಯ ಭಾಗದಿಂದ ಅವನನ್ನು ಪೂರ್ತಿ ತೆಗೆದು ಮತ್ತೆ ಓದಿದೆ. ಆಗಲೂ ಮರ್ಲೀನ್ ಶೂ ಬಿಚ್ಚದೆಯೇ ಮಲಗುತ್ತಿದ್ದಳು. ಅವನನ್ನು ಇದ್ದಲ್ಲಿಗೇ ಸೇರಿಸಿದೆ. ಕಾರಣವಿಲ್ಲದ ಭಯಕ್ಕಿಂತ ಕಾರಣವಿರುವ ಭಯವೇ ಅವಳಿಗೆ ವಾಸಿ ಎನಿಸಿತು.

೬

ನನ್ನ ಬಳಿ ಇರುವ ಕೊನೆಗಳು:

ಎತ್ತುತ್ತಾಳೆ. ಕಚೇರಿಯವರು. ಬೀಗದ ಕೈ, ಬಿಸಿನೀರು, ಸೇಲಾಳ ಕುಣಿತ. (ಇದನ್ನು ಬರೆಯುವಾಗ ನಾನು ಅತ್ತೆ. ಹಾಗಾಗಿ ಇದರ ಮೇಲೆ ನನಗೇ ಅನುಮಾನ.)

ಎತ್ತುವುದಿಲ್ಲ. ಮನೆ ಅವಳಿ ಮಕ್ಕಳ ತಾಯಿಯೊಬ್ಬಳ ಪಾಲಾಗುತ್ತದೆ. ಅವಳೂ ಕಾರಿನಲ್ಲೇ ಮಲಗುತ್ತಿದ್ದವಳು. ಯಾರನ್ನು ಬೈಯಲಿ?

ಇನ್ನೊಂದಿದೆ. ಅದನ್ನು ಬರೆಯುವುದಿಲ್ಲ. ನೀವು ಆಗಲೇ ಊಹಿಸಿದ್ದೀರಿ.

೭

ನಾನು ಆಯ್ದುಕೊಳ್ಳುವ ಮೊದಲೇ ಫೋನ್ ಹೊಡೆದುಕೊಂಡಿತು. ನಂಬರ್ ಇಲ್ಲ. ಸೇಲಾ ಲೋಟವನ್ನು ನೆಲಕ್ಕಿಟ್ಟು ಮರ್ಲೀನ್‌ಳ ಕೈ ಹಿಡಿದಳು. ಮರ್ಲೀನ್ ಎತ್ತಿದಳು, ಸ್ಪೀಕರ್ ಹಾಕಿದಳು.

ಗಂಡಸಿನ ದನಿ. "ಮರ್ಲೀನ್ ಅವರಾ ಮಾತಾಡ್ತಿರೋದು?"

"ನೀವ್ಯಾರು?"

"ಅದನ್ನ ಆಮೇಲೆ ಹೇಳ್ತೀನಿ. ಮೊದ್ಲು ನಿಮ್ಮ ಪೂರ್ತಿ ಹೆಸರು, ಹುಟ್ಟಿದ ತಾರೀಕು, ಈಗ ಎಲ್ಲಿದ್ದೀರಿ, ಇಷ್ಟು ಹೇಳಿ."

(ಓದುಗರೇ, ಆ ಕಚೇರಿ ಕೇಳುವುದು ಹೀಗೆಯೇ. ಎತ್ತಿದವರು ಯಾರೆಂದು ಖಚಿತವಾಗದೆ ತನ್ನ ಹೆಸರು ಹೇಳಿದರೆ ಮನೆ ಕೇಳಿದವರ ಗುಟ್ಟು ಬಯಲಾದೀತೆಂಬ ಎಚ್ಚರ ಅದಕ್ಕೆ. ಡ್ಯಾರಿಲ್‌ನ ಗೆಳೆಯ ಕೇಳುವುದೂ ಹೀಗೆಯೇ.)

ಮರ್ಲೀನ್ ಸೇಲಾಳ ಮುಖ ನೋಡಿದಳು. ಸೇಲಾ ಇಲ್ಲವೆಂದು ತಲೆಯಾಡಿಸಿದಳು: ಈ ದನಿ ಗೊತ್ತಿಲ್ಲ.

ನಾನು ಮರ್ಲೀನ್‌ಗೆಂದು ಒಂದು ಮಾತು ಸಿದ್ಧಪಡಿಸಿದ್ದೆ. ಅವಳು ಅದನ್ನು ಆಡಲಿಲ್ಲ. ತನ್ನದೇ ಮಾತು ಕೇಳಿದಳು:

"ಆ ಬಾಗಿಲಿಗೆ ಒಳಗಿಂದ ಚಿಲಕ ಇದ್ಯಾ?"

ಯಾವ ಬಾಗಿಲು ಎಂದು ಆತ ಕೇಳಲಿಲ್ಲ.

"ಒಂದ್ನಿಮಿಷ, ಲೈನಲ್ಲೇ ಇರಿ. ಪಕ್ಕದಲ್ಲಿರೋರನ್ನ ಕೇಳಿ ಹೇಳ್ತೀನಿ."

ಪಕ್ಕದಲ್ಲಿರುವವರು ಯಾರೆಂಬುದನ್ನು ಈಗ ನಾನು ಬರೆಯಬೇಕು. ಬರೆಯಲಾರೆ. ಬರೆಯದಿರುವ ತನಕ ಆ ಮನೆ ಬೇರೆಯವರ ಪಾಲಾಗುವುದಿಲ್ಲ, ಡ್ಯಾರಿಲ್ ಕೂಡ ಬರುವುದಿಲ್ಲ. ಅವಳಿಗೆ ನಾನು ಕೊಡಬಹುದಾದ ರಕ್ಷಣೆ ಇದೊಂದೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡು ಪೆನ್ನು ಕೆಳಗಿಟ್ಟೆ.

ಮರ್ಲೀನ್ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದಳು.

"ಯಾಕಯ್ಯಾ ನಿಲ್ಲಿಸ್ಬಿಟ್ಟೆ? ನೀನು ಎದ್ದು ಮನೆಗೆ ಹೋಗ್ತೀಯ. ಓದೋರೂ ಹೋಗ್ತಾರೆ. ನಾನಿಲ್ಲಿ ಚಳೀಲಿ ಕೂತಿದೀನಿ."