ತಿರುಗಿ ನೋಡದ ಮದುವಣಗಿತ್ತಿ

ಮತ್ತೆ ಅದೇ ವಾಸನೆ, ದವನಕ್ಕಿಂತ ತುಸು ಘಾಟು, ಕೋಟಿನ ಎದೆಯಿಂದಲೇ ಏರಿ ಮೂಗಿಗೆ ಬಡಿಯುತ್ತಿದೆ — ರೈಲಿಳಿದ ಕೂಡಲೇ ಅಪೊಲೆನಾ ಸಿಕ್ಕಿಸಿದ ರೋಸ್‌ಮರಿ ಕುಡಿ, ಬಿಳಿ ರಿಬ್ಬನ್ನು ಕಟ್ಟಿದ್ದು, ನಮ್ಮ ಮೊರಾವಿಯಾ ಕಡೆ ಇದಿಲ್ದೆ ಮದುಮಗ ಚರ್ಚಿನ ಮೆಟ್ಲು ಹತ್ತಲ್ಲ ಕಣ್ರೀ, ಆಗಲಿ ಅಂದಿದ್ದ ಅಲೋಯಿಸ್, ಸಣ್ಣದಕ್ಕೆಲ್ಲ ಹೂಂ ಅಂದರೆ ಹೆಂಗಸರು ದೊಡ್ಡದಕ್ಕೆ ತಾವೇ ಹೂಂ ಅನ್ನುತ್ತಾರೆ, ಅವನ ಕಸುಬಿನ ಮೊದಲ ಪಾಠವೇ ಅದು. ಡ್ಯಾನ್ಯೂಬ್ ದಂಡೆಯ ಕಾಲುದಾರಿ, ಕೆಸರು, ಎಡಕ್ಕೆ ಬೋಳು ಮರಗಳು, ಬಲಕ್ಕೆ ಹಿಮ ಕರಗಿ ಉಬ್ಬಿದ ನೀರು, ಕೈಚೀಲದಲ್ಲಿ ಹಗ್ಗ, ಹಗ್ಗದ ಕೆಳಗೆ ಕಲ್ಲು — ಏನ್ರೀ ಇಷ್ಟು ಭಾರ, ರೈಲು ಹಳೀನೇ ಕಿತ್ತು ತಂದ್ರಾ, ಇಂಜಿನಿಯರ್ ಸಾಹೇಬ್ರು, ಎಂದು ನಗಾಡಿದ್ದಳು, ಇಂಜಿನಿಯರಂತೆ, ಪಾಪ, ಟಿಕೆಟು ಕೊಳ್ಳುವುದು ಬಿಟ್ಟರೆ ಅವನಿಗೂ ರೈಲಿಗೂ ಏನು ನಂಟು. ಮುಂದೆ ಹಳೇ ದೋಣಿಕಟ್ಟೆ, ಅದರಾಚೆ ಚರ್ಚೂ ಇಲ್ಲ, ಪಾದ್ರಿಯೂ ಇಲ್ಲ, ಅದು ಅವಳಿಗೆ ಗೊತ್ತಿಲ್ಲ.

ಮೊದಲೆಲ್ಲ ಬರೀ ಮದುವೆಯ ಮಾತು, ಮನೆಗೆಲಸದ ಹುಡುಗಿಯ ಗಂಟು ಕೈಸೇರಿದ ಮೇಲೆ ಊರು ಬದಲು, ಹೆಸರು ಬದಲು, ಎಷ್ಟು ಹಗುರವಾದ ಬಾಳು — ಹಾಳುಮಾಡಿದವಳು ಆ ತೆರೇಸಿಯಾ, ವಿಯೆನ್ನಾದ ಬೀದಿ ಬೀದಿ ಹುಡುಕಿ ಬಂದು ಬಾಗಿಲಲ್ಲಿ ಕೂತು, ಕಟ್ಕೋತೀನಿ ಅಂತ ತಿಂದು ತೇಗಿದೋನು ಇವ್ನೇ ನೋಡ್ರಪ್ಪ, ಎಂದು ಹೋಗಿ ಬರುವವರಿಗೆಲ್ಲ ತೋರಿಸಿದಳು, ಜೈಲಿನ ಗಂಜಿ ಕುಡಿಸಿದಳು, ಅಲ್ಲಿ ಮಲಗಿ ಮಲಗಿ ಅವನಿಗೆ ಹೊಳೆದದ್ದು ಒಂದೇ, ನೀರಿಗೆ ಹೋದವಳು ಬಾಗಿಲಿಗೆ ಬರುವುದಿಲ್ಲ. ನಿಜ, ಆಮೇಲೆ ಯಾರೂ ಬರಲಿಲ್ಲ. ರೋಸಿನಾ ಒಬ್ಬಳೇ ಆಗಾಗ ನೆನಪಿಗೆ ಬರುತ್ತಾಳೆ, ಹೋದ ವರ್ಷ ಎಲೆ ಉದುರುವ ಕಾಲ, ಇದೇ ದಾರಿ, ಅವಳೂ ಹೀಗೇ ಒಂದು ಕುಡಿ ಸಿಕ್ಕಿಸಿದ್ದಳು, ನೀಲಿ ರಿಬ್ಬನ್ನು, ನೀಲಿ ಅಂದರೆ ಪ್ರಾಣ ಅವಳಿಗೆ, ಅವಳೂ ದಾರಿಯುದ್ದಕ್ಕೂ ಹಿಂದೆ ನೋಡಲಿಲ್ಲ, ಕಟ್ಟೆಯ ಮೇಲೆ ಮಾತ್ರ ತಟ್ಟನೆ ತಿರುಗಿದಳು, ಕುತ್ತಿಗೆಗೆ ಕೈ ಬಂದಾಗಲೂ ಅವನನ್ನು ನೋಡುತ್ತಿಲ್ಲ, ಅವನ ಭುಜದಾಚೆ ದಾರಿಯನ್ನೇ ನೋಡುತ್ತಿದ್ದಾಳೆ, ಯಾರೋ ಬರಬೇಕಿತ್ತು ಎನ್ನುವಂತೆ — ಖಾಲಿ ದಾರಿ, ಅಲ್ಲೇನಿತ್ತು ನೋಡಲು, ಇಂದಿಗೂ ಅವನಿಗೆ ಅರ್ಥವಾಗಿಲ್ಲ. ಅವನು ಕಿತ್ತೆಸೆದ ಕುಡಿಯ ನೀಲಿ ರಿಬ್ಬನ್ನು ನೀರಿನ ಮೇಲೆ ಬಹಳ ದೂರ ತೇಲಿತು.

ಇವಳೂ ತಿರುಗುತ್ತಿಲ್ಲ, ಬೆಳಿಗ್ಗೆ ಯಜಮಾನಿಯ ಮನೆ ಬಿಟ್ಟಾಗಿನಿಂದ ಒಮ್ಮೆಯೂ ಇಲ್ಲ, ಅವನೂ ತಿರುಗುವವನಲ್ಲ, ಹಿಂದೆ ನೋಡುವವನ ಮೇಲೇ ಪೊಲೀಸರ ಕಣ್ಣು. ಕುತ್ತಿಗೆ ಹಿಡಿದುಕೊಂಡಿದೆಯೇನೆ, ಸುಮ್ಮನೆ ಕೇಳಿದ, ಅವಳು ಕಿಸಕ್ಕನೆ ನಕ್ಕಳು, ಅಯ್ಯೋ, ಮದ್ವೆಗೆ ಹೊರಟೋಳು ಹಿಂದೆ ನೋಡಿದ್ರೆ ಇನ್ನೊಬ್ಬ ಗಂಡನ್ನ ಹುಡುಕ್ತಾಳೆ ಅಂತ, ನಂಗೆ ನೀವೊಬ್ರೇ ಸಾಕು. ಯಾರಿಗೂ ಹೇಳಿಲ್ಲ ತಾನೆ. ಮೇರಿಯಮ್ಮನಾಣೆ ಬಾಯಿ ಬಿಟ್ಟಿಲ್ಲ, ನೀವು ಹೇಳ್ಬೇಡ ಅಂದ್ರಿ, ನಾನು ಹೇಳ್ಲಿಲ್ಲ, ಕುಡಿ ಕೊಟ್ಟೆ ಅಷ್ಟೇ. ಯಾವ ಕುಡಿ. ಇಂಥದ್ದೇ, ನಿಮ್ಮೆದೆ ಮೇಲಿದೆಯಲ್ಲ, ಇದನ್ನ ಯಾರ ಕೈಗಿಟ್ರೂ ಮದ್ವೆಗೆ ಕರೆದ ಹಾಗೇನೇ, ಇಸ್ಕೊಂಡೋರು ಹೆಣ್ಣಿನ ಹಿಂದೆ ಬರ್ತಾರೆ, ಚರ್ಚಿನ ಬಾಗ್ಲು ದಾಟೋವರ್ಗೂ ಹತ್ರ ಬರಲ್ಲ, ಮಾತಾಡ್ಸಲ್ಲ, ಅದು ಶಾಸ್ತ್ರ. ನೀರಿನ ಸದ್ದು ನಿಂತಿತೇ, ಇಲ್ಲ, ಕಿವಿ ಗುಂಯ್ಯೆನ್ನುತ್ತಿದೆ — ಯಾರಿಗೆ ಕೊಟ್ಟೆ. ಇದ್ದಿಲು ಹೊರೋ ಮಾಟೇಯ್‌ಗೆ, ಬಟ್ಟೆ ಒಗೆಯೋರಿಗೆ, ನಮ್ಮನೆ ಹೊಸ ಅಡುಗೆಯವಳು ಬಾರ್ಬೊರಾಗೆ, ಪಾಪ ಅವಳದೊಂದು ಕತೆ, ಹೋದ್ವರ್ಷ ಹಳೇ ಮನೇಲಿ ಜತೆಗೆ ಕೆಲಸಕ್ಕಿದ್ದ ಹುಡುಗಿ ಕುಡಿ ಕೊಟ್ಟಿದ್ಲಂತೆ, ಆ ಹುಡುಗಿಗೆ ಇವಳು ಬಿಟ್ರೆ ಯಾರೂ ಇಲ್ಲ, ಇವಳಿಗೆ ಕಾಲು ಮುರಿದು ಹೋಗಕ್ಕಾಗ್ಲಿಲ್ವಂತೆ, ಈಗಲೂ ಕೊರಗ್ತಾಳೆ, ಹೋಗದ ಮದ್ವೆ ಕುಡೀನ ಎಸೀಬಾರ್ದು, ಮುಂದಿನ ಮದ್ವೇಲಿ ಸಿಗಿಸ್ಕೊಂಡು ಬರ್ಬೇಕು, ತಂದಿರ್ತಾಳೆ. ಗಂಡು ತಿರುಗಬಹುದು, ನೀವು ನೋಡಿ ಹೇಳ್ರೀ, ಎಲ್ರೂ ಬಂದಿದಾರಾ.

ಖಾಲಿ ದಾರಿ, ಖಾಲಿಯೇ ಇರುತ್ತದೆ, ಹೋದ ವರ್ಷ ಖಾಲಿಯೇ ಇತ್ತು — ಕುತ್ತಿಗೆ ತನ್ನಷ್ಟಕ್ಕೆ ತಿರುಗಿತು. ತಿರುವು ಬಳಸಿ ಬರುತ್ತಿದ್ದಾರೆ, ತಿಕ್ಕಿ ತೊಳೆದ ಮುಖಗಳು, ಭಾನುವಾರದ ಟೋಪಿಗಳು, ಎಲ್ಲರ ಎದೆಯ ಮೇಲೂ ಹಸಿರು ಕುಡಿ, ಮೂರನೇ ದರ್ಜೆಯ ಡಬ್ಬಿಯಲ್ಲಿ ಬಂದಿರಬೇಕು, ಅವನು ಎರಡನೆಯದಕ್ಕೆ ಟಿಕೆಟು ಕೊಂಡಿದ್ದ, ಇದ್ದಿಲು ಹೊರುವವನ ಮುಖವನ್ನು ಯಾರು ನೋಡುತ್ತಾರೆ. ನಗಬೇಕು, ಟೋಪಿ ಎತ್ತಬೇಕು, ಪಾದ್ರಿಗೆ ಜ್ವರ ಅನ್ನಬೇಕು, ಸುಳ್ಳು ಅವನಿಗೆ ಎಂದೂ ಕೈಕೊಟ್ಟಿಲ್ಲ — ಕೊನೆಯಲ್ಲಿ ಕುಂಟುತ್ತಿದ್ದ ಮುದುಕಿ ನಿಂತಳು, ಕಣ್ಣು ಕಿರಿದು ಮಾಡಿದಳು, ಶಾಸ್ತ್ರ ಮುರಿದು ಎಲ್ಲರನ್ನೂ ಹಿಂದೆ ಹಾಕಿ ಬರುತ್ತಿದ್ದಾಳೆ, ಅವಳ ಎದೆಯ ಮೇಲೆ ಎರಡು ಕುಡಿ, ಒಂದು ಹಸಿರು, ಇನ್ನೊಂದು ಕಂದಿ ಕಡ್ಡಿಯಾದದ್ದು, ಸ್ವಾಮಿ, ಭಾನುವಾರ ಭಾನುವಾರ ನಮ್ಮ ರೋಸಿನಾನ ಕರ್ಕೊಂಡು ಹೋಗೋಕೆ ಬರ್ತಿದ್ದೋರು ನೀವೇ ಅಲ್ವಾ, ಎಲ್ಲಿ ಅವಳು, ಚೆನ್ನಾಗಿದಾಳಾ. ಮಾಟೇಯ್ ಕೈಚೀಲವನ್ನೇ ನೋಡುತ್ತಿದ್ದಾನೆ. ಏನೋ ಹೇಳಬೇಕು, ರೋಸಿನಾ ಅಂದರೆ, ರೋಸಿನಾ ಈಗ, ಅವಳು ನೋಡುತ್ತಿದ್ದದ್ದು ಈ ಮುದುಕಿಯ ದಾರಿಯನ್ನು, ಹೇಳಬೇಕು, ಒಣಗಿದ ಕಡ್ಡಿ, ಕಡ್ಡಿಗೆ ಸುತ್ತಿದ ನೀಲಿ ರಿಬ್ಬನ್ನು, ಚೆನ್ನಾಗಿದ್ದಾಳೆ ಅನ್ನಬೇಕು, ನೀಲಿ ರಿಬ್ಬನ್ನು, ನೀರಿನ ಮೇಲೆ, ಇಲ್ಲ, ಇಲ್ಲೇ, ಕಣ್ಣೆದುರಿಗೇ, ನೀಲಿ ರಿಬ್ಬನ್ನು