ಈಗ, ಆಮೇಲೆ

ಬಸ್ಸಿಗೆ ಕೈ ಮಾಡಬೇಕಾದವಳು ಕೊರಳಲ್ಲಿ ತೂಗುತ್ತಿದ್ದ ಚಿತ್ರದ ಕಾರ್ಡುಗಳಲ್ಲಿ ಒಂದನ್ನು ಎತ್ತಿ ತೋರಿಸಿಬಿಟ್ಟಿದ್ದಳು. ಕೆಂಪು ಅಂಗೈ. ಕೆಳಗೆ ದಪ್ಪ ಅಕ್ಷರದಲ್ಲಿ 'ಕಾಯಬೇಕು'.

ಬಸ್ಸು ನಿಂತಿತು. ಅವಳು ಹತ್ತಿದ ಮೇಲೂ ಹೊರಡಲಿಲ್ಲ.

"ಹೊರಡ್ಲಾ ಮಿಸ್?" ಡ್ರೈವರ್ ಕೇಳಿದ. "ಅದಕ್ಕೂ ಒಂದು ಕಾರ್ಡ್ ಇರ್ಬೇಕಲ್ಲ?"

ಇತ್ತು. ಹಸಿರು ಬಾಣದ್ದು. ರೊವೀನಾ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹಿಂದಿನ ಸೀಟಿಗೆ ಹೋದಳು. ಬೆಳಿಗ್ಗೆ ಟೋಸ್ಟ್ ತಿನ್ನುತ್ತಿದ್ದ ಗಂಡ ಕ್ಲೈವ್‌ಗೂ ಹೆಬ್ಬೆರಳೆತ್ತಿ "ಚೆನ್ನಾಗಿ ಕೂತಿದೀಯ" ಎಂದಿದ್ದಳು. ಅವನು ಇನ್ನಷ್ಟು ನೆಟ್ಟಗೆ ಕೂತಿದ್ದ. ಮದುವೆಯಾದಾಗಿನಿಂದ ಅವರಿಬ್ಬರು ಇಷ್ಟು ಸ್ಪಷ್ಟವಾಗಿ ಮಾತಾಡಿಕೊಂಡದ್ದು ಅದೇ ಮೊದಲು.

ಮಧ್ಯಯುಗದ ಮಠಗಳ ಚರಿತ್ರೆಯಲ್ಲಿ ಪದವಿ ಪಡೆದ ರೊವೀನಾ ಈಗ ಹ್ಯಾಲಿಫ್ಯಾಕ್ಸ್ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಅಪ್ರೆಂಟಿಸ್. ವಿಶೇಷ ಅಗತ್ಯವುಳ್ಳ ಮಕ್ಕಳ ಪಕ್ಕ ಕೂತು ಕಲಿಸುವ ಸಹಾಯಕಿಯಾಗಲು ತರಬೇತಿ. ಅವಳ ಪಾಲಿಗೆ ಬಂದದ್ದು ಒಂದೇ ಮಗು: ಏಳು ವರ್ಷದ ಮಾರ್ನಿ. ಮಾರ್ನಿ ಹೆಚ್ಚು ಮಾತಾಡುವುದಿಲ್ಲ, ಚಿತ್ರಗಳನ್ನು ನಂಬುತ್ತಾಳೆ. ಅವಳ ಮೇಜಿನ ಮೇಲೊಂದು ಹಲಗೆ, ಅದರಲ್ಲಿ ಎರಡು ಚೌಕ. ಎಡಕ್ಕೆ 'ಈಗ', ಬಲಕ್ಕೆ 'ಆಮೇಲೆ'. ಚೌಕದ ಅಂಟುಪಟ್ಟಿಗೆ ಚಿತ್ರ ಹಚ್ಚಿದರೆ ಅವಳ ಲೋಕ ಶಾಂತವಾಗುತ್ತಿತ್ತು.

ಇವತ್ತು ತರಬೇತಿ ಕಾಲೇಜಿನಿಂದ ಪರೀಕ್ಷಕ ಟನಿಕ್ಲಿಫ್ ಅವಳ ಕೆಲಸ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಪಾಸು. ಪಾಸಾದರೆ ಕ್ರಿಸ್‌ಮಸ್ ಆದ ಮೇಲೆ ಕೆಲಸ ಕಾಯಂ ಎಂದು ಕ್ಲಾಸ್ ಟೀಚರ್ ಮಿಸೆಸ್ ಕ್ಲೆಗ್ ಹೇಳಿದ್ದರು. ಹೇಳಿದ್ದರೋ, ಹಾಗೆ ಕೇಳಿಸುವಂತೆ ಕೆಮ್ಮಿದ್ದರೋ, ರೊವೀನಾಗೆ ಈಗ ಖಾತ್ರಿಯಿರಲಿಲ್ಲ.

ಟನಿಕ್ಲಿಫ್ ತರಗತಿಗೆ ಬಂದು ಮಕ್ಕಳ ಕುರ್ಚಿಯಲ್ಲಿ ಕೂತರು. ಮಂಡಿಗಳು ಕಿವಿಯ ಮಟ್ಟಕ್ಕೆ ಬಂದವು.

"ನಾನು ಇಲ್ಲವೇ ಇಲ್ಲ ಅಂದ್ಕೊಳ್ಳಿ," ಎಂದರು. "ಮೆಲ್ಲಗೆ ನೀವೂ ಇಲ್ಲದ ಹಾಗೆ ಆಗ್ಬೇಕು. ಅದೇ ನಮ್ಮ ವಿದ್ಯೆ. ಗೊತ್ತಲ್ಲ?"

ಗೊತ್ತಿತ್ತು. ಸಹಾಯಕಿ ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು. ಮಗುವಿಗೆ ಅದು ತಿಳಿಯಬಾರದು. ವರ್ಷವಿಡೀ ಇದನ್ನೇ ಅಭ್ಯಾಸ ಮಾಡಿದ್ದಳು. ಮನೆಯಲ್ಲಿ ಅಭ್ಯಾಸ ಬೇಕಾಗಿರಲಿಲ್ಲ.

ಮಾರ್ನಿ ಪ್ಲಾಸ್ಟಿಕ್ ಕರಡಿಗಳನ್ನು ಸಾಲಾಗಿಟ್ಟು ಎಣಿಸತೊಡಗಿದಳು. ರೊವೀನಾ ಒಂದು ಹೆಜ್ಜೆ ಹಿಂದೆ ಹೋದಳು. ಮತ್ತೊಂದು. ಮತ್ತೂ ಒಂದಕ್ಕೆ, ಮಕ್ಕಳು ಕೈ ತೊಳೆಯುವ ತಗ್ಗಿನ ಸಿಂಕಿನೊಳಗೆ ಕೂತುಬಿಟ್ಟಳು. ಬಣ್ಣದ ಕುಂಚ ನೆನೆಸಿದ್ದ ತಣ್ಣೀರು. ಯಾರೂ ತಿರುಗಿ ನೋಡಲಿಲ್ಲ. ಟನಿಕ್ಲಿಫ್ ಮೆಚ್ಚಿಕೊಂಡು ಏನೋ ಬರೆದರು.

ಈಗ ತಿರುಗುತ್ತಾಳೆ, ಈಗ ನನ್ನ ತೋಳು ಎಳೆಯುತ್ತಾಳೆ ಎಂದು ರೊವೀನಾ ಕಾದಳು. ಮಾರ್ನಿ ತಿರುಗಲಿಲ್ಲ. ಕೊನೆಯ ಕರಡಿ ತುಸು ವಾಲಿತ್ತು. ರೊವೀನಾ ಒದ್ದೆ ಸ್ಕರ್ಟಿನಲ್ಲೇ ಬಂದು ಅದನ್ನು ನೆಟ್ಟಗೆ ಮಾಡಿದಳು. ಕರಡಿಗೆ ಅದರ ಅಗತ್ಯವಿರಲಿಲ್ಲ.

ಮಾರ್ನಿ ಆ ಕೈಯನ್ನು ಎರಡು ಬೆರಳಿನಿಂದ, ಚಹಾಕ್ಕೆ ಬಿದ್ದ ನೊಣವನ್ನು ತೆಗೆದಂತೆ ಎತ್ತಿ ಪಕ್ಕಕ್ಕಿಟ್ಟಳು. ರೊವೀನಾಳ ಕೊರಳ ಗೊಂಚಲಿನಿಂದ ಕೆಂಪು ಅಂಗೈಯನ್ನು ಹುಡುಕಿ ಅವಳ ಮೂಗಿನ ಮುಂದೆಯೇ ಹಿಡಿದಳು. ಬಳಿಕ ತೋಳು ಹಿಡಿದು, ತಾನು ಅತ್ತಾಗ ತನ್ನನ್ನು ಕೂರಿಸುವ ಮೂಲೆಯ ನೀಲಿ ಟೆಂಟಿನಲ್ಲಿ ಅವಳನ್ನು ಕೂರಿಸಿದಳು. ಹಲಗೆ ತಂದಿಟ್ಟಳು. 'ಈಗ' ಎಂಬಲ್ಲಿ ಟೆಂಟಿನ ಚಿತ್ರ ಹಚ್ಚಿದಳು. 'ಆಮೇಲೆ' ಎಂಬಲ್ಲಿದ್ದ ಆಟದ ಮೈದಾನದ ಚಿತ್ರವನ್ನು ಪರ್ರನೆ ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು. ಮರಳು ಗಡಿಯಾರವನ್ನು ತಲೆಕೆಳಗು ಮಾಡಿದಳು.

"ಚೆನ್ನಾಗಿ ಕೂತಿದೀಯ," ಎಂದಳು.

ಬಿಡುವಿನ ಗಂಟೆ ಹೊಡೆಯಿತು. ಮಾರ್ನಿ ತಾನಾಗಿಯೇ ಉಳಿದ ಮಕ್ಕಳ ಸಾಲಿನಲ್ಲಿ ನಿಂತು ಹೊರಟುಹೋದಳು.

"ಅದ್ಭುತ!" ಟನಿಕ್ಲಿಫ್ ಕುರ್ಚಿಯನ್ನು ಹಿಂಬದಿಗೆ ಸಿಕ್ಕಿಸಿಕೊಂಡೇ ಎದ್ದರು. "ಇಷ್ಟು ಪೂರ್ತಿಯಾಗಿ ಹಿಂದೆ ಸರಿದವರನ್ನ ನಾನು ನೋಡೇ ಇಲ್ಲ. ಪಾಸು ಕಣಮ್ಮಾ, ಪಾಸು!"

"ಹಾಗಾದ್ರೆ ಕ್ರಿಸ್‌ಮಸ್ ಆದ್ಮೇಲೆ ನಾನು..." ರೊವೀನಾ ಟೆಂಟಿನ ಬಾಯಿಂದ, ಬಾಗಿಲಲ್ಲಿ ನಿಂತಿದ್ದ ಮಿಸೆಸ್ ಕ್ಲೆಗ್ ಕಡೆ ನೋಡಿದಳು.

ಮಿಸೆಸ್ ಕ್ಲೆಗ್ ತಮ್ಮ ಚಹಾದ ಮಗ್ಗಿನೊಳಗೆ ನೋಡಿದರು. "ಮಾರ್ನಿಗೆ ಇನ್ನು ಯಾರೂ ಬೇಡ ಅನ್ಸುತ್ತೆ, ಅಲ್ವಾ ಚಿನ್ನ? ನಿನ್ನ ಕೆಲಸ ಇದ್ದಿದ್ದೇ ಅವಳಿಗೋಸ್ಕರ. ಎಂಥಾ ಒಳ್ಳೇ ಸುದ್ದಿ, ಅಲ್ವಾ? ಬಾ, ಸ್ಟಾಫ್ ರೂಮಲ್ಲಿ ಬಿಸ್ಕತ್ತು ತಿನ್ನು."

"ಮರಳು ಮುಗಿದಿಲ್ಲ."

"ಏನಂದೆ?"

"ಮುಗಿಯೋ ಮೊದ್ಲು ಏಳಬಾರದು. ದೊಡ್ಡವರೇ ನಿಯಮ ಮುರಿದ್ರೆ ಮಗು ಆಮೇಲೆ ನಂಬೋದಿಲ್ಲ."

"ನೋಡಿದ್ರಾ ನಿಷ್ಠೆ!" ಎಂದರು ಟನಿಕ್ಲಿಫ್. ಇಬ್ಬರೂ ಬಿಸ್ಕತ್ತಿನ ಕಡೆ ನಡೆದರು. ಕುರ್ಚಿ ಬಾಗಿಲ ಬಳಿ ಕಳಚಿ ಬಿತ್ತು.

ಕಿಟಕಿಯ ಗಾಜಿಗೆ ಮಾರ್ನಿಯ ಮೂಗು ಒತ್ತಿಕೊಂಡಿತು. ರೊವೀನಾ ಇನ್ನಷ್ಟು ನೆಟ್ಟಗೆ ಕೂತಳು. ಮಾರ್ನಿ ಹೆಬ್ಬೆರಳೆತ್ತಿ ತೋರಿಸಿ ಓಡಿದಳು.

ಯಾರೂ ಅಲುಗಾಡದಿದ್ದರೆ ಆ ಕೋಣೆಯ ದೀಪ ತಾನೇ ಆರುತ್ತದೆ. ಆರಿತು. ಹೊರಗೆ ನವೆಂಬರಿನ ಮಬ್ಬು. ರೊವೀನಾ ಟೆಂಟಿನಿಂದ ಕೈ ಚಾಚಿ ಬೀಸಿದಳು, ಹೊತ್ತಿತು. ಮರಳು ಅರ್ಧದಲ್ಲಿ ಕಚ್ಚಿಕೊಂಡು ನಿಂತಿತ್ತು. ಗಡಿಯಾರದ ಗಾಜನ್ನು ಬೆರಳಿನಿಂದ ತಟ್ಟಬಹುದಿತ್ತು. ಆದರೆ ತಟ್ಟಿದರೆ ಸಹಾಯ ಮಾಡಿದಂತಾಗುತ್ತದೆ. ತಾನಾಗಿ ಸುರಿಯಲು ಮೊದಲು ಅದಕ್ಕೇ ಅವಕಾಶ ಕೊಡಬೇಕು.

ಮತ್ತೆ ಗಂಟೆ ಹೊಡೆಯಿತು. ಮಕ್ಕಳ ಕಾಲಸಪ್ಪಳ ಬಾಗಿಲು ದಾಟಿ ವ್ಯಾಯಾಮದ ಹಾಲಿನ ಕಡೆಗೆ ಹೋಯಿತು. ದೀಪ ಆರಿತು. ಅವಳು ಕೈ ಬೀಸಿದಳು. ಹಲಗೆ ಕಾಣಿಸಿತು: 'ಈಗ' ಎಂಬಲ್ಲಿ ಟೆಂಟು. 'ಆಮೇಲೆ' ಎಂಬಲ್ಲಿ ಬರಿಯ ಅಂಟುಪಟ್ಟಿ, ಅದಕ್ಕೆ ಹತ್ತಿಕೊಂಡ ಒಂದು ಕೂದಲೆಳೆ. ಅದು ಮಾರ್ನಿಯದೋ ತನ್ನದೋ ಎಂದು ಬಗ್ಗಿ, ಅಲುಗಾಡದೆ ನೋಡುತ್ತಿರುವಷ್ಟರಲ್ಲಿ ದೀಪ ಮತ್ತೆ ಆರಿತು.