ಗರಿಯ ಹಿಂದಿನ ತಂತಿ

ಕ್ಷೌರಿಕನ ಹಿತ್ತಿಲಲ್ಲಿ ಒಂದು ತೆಂಗಿನ ಮರ. ಮೂರು ವರ್ಷದಿಂದ ಅದರ ಒಣಗರಿಗಳನ್ನು ಯಾರೂ ತೆಗೆದಿರಲಿಲ್ಲ. ಅವತ್ತು ಬೆಳಿಗ್ಗೆ ಒಂದು ಗರಿ ದೊಪ್ಪೆಂದು ಬಿತ್ತು, ಅವನ ತಾಯಿ ಕೂತಿದ್ದ ಕುರ್ಚಿಯಿಂದ ಒಂದೇ ಗೇಣು ದೂರಕ್ಕೆ.

ಕ್ಷೌರಿಕನಿಗೆ ಪಿತ್ತ ನೆತ್ತಿಗೇರಿತು. ಅಂಗಡಿಗೆ ಬೀಗ ಹಾಕಿ ಬಂದವನೇ ಉದ್ದನೆಯ ಕಬ್ಬಿಣದ ಪೈಪಿನ ತುದಿಗೆ ಕುಡುಗೋಲು ಕಟ್ಟಿದ.

"ರೀ, ಬೇಡ. ಮರ ಹತ್ತೋರನ್ನ ಕರೆಸೋಣ," ಎಂದಳು ಹೆಂಡತಿ.

"ಊರವರ ತಲೆಗೆಲ್ಲ ಕತ್ತರಿ ಆಡಿಸಿದ್ದೀನಿ, ಇದೊಂದು ತಲೆ ಯಾವ ಲೆಕ್ಕ? ಹಸಿರು, ಒಣಗಿದ್ದು ಅಂತ ನೋಡಲ್ಲ, ಎಲ್ಲಾ ಬೋಳಿಸಿಬಿಡ್ತೀನಿ. ಎರಡು ವರ್ಷ ತಂಟೆ ಇರಲ್ಲ."

ಹೇಳಿದ ಮಾತು ಕೇಳುವ ಗಂಡ ಅವಳಿಗೆ ಸಿಕ್ಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪೈಪು ಮೇಲೇರಿತು. ಗಾಳಿ ಬೀಸಿ ಗರಿಗಳು ಸರಿದಾಗ, ಅವುಗಳ ಹಿಂದೆ ಕರೆಂಟಿನ ತಂತಿ ಅವಳಿಗೆ ಕಂಡಿತು. ಅವನನ್ನು ಹಿಡಿದೆಳೆಯಲು ಓಡಿದಳು.

"ಅವನನ್ನ ಮುಟ್ಟಬೇಡಮ್ಮ, ದೂರ ನಿಲ್ಲು!" ಪಕ್ಕದ ಮನೆಯ ತೋಟಗಾರ್ತಿ ಗೋಡೆಯಾಚೆಯಿಂದ ಗದರಿದಳು. "ತಮ್ಮಾ, ಕತ್ತರಿ ಆಡಿಸೋ ಮೊದಲು ಗಿರಾಕಿ ಕಿವಿ ಎಲ್ಲಿದೆ ಅಂತ ನೋಡ್ತೀಯೋ ಇಲ್ವೋ?"

"ನೋಡದೆ ಇರ್ತೀನಾ ಅಕ್ಕ?"

"ಹಾಗಾದ್ರೆ ಈಗ ಗರಿ ಹಿಂದೆ ನೋಡು."

ಅವನು ನೋಡಿದ. ಕುಡುಗೋಲಿಗೂ ತಂತಿಗೂ ನಡುವೆ ಎರಡೇ ಮೊಳ. ಬೆಚ್ಚಿಬಿದ್ದ, ಪೈಪು ಓಲಾಡಿತು.

"ಗಾಬರಿ ಬೇಡ. ತಂತಿ ಇಲ್ಲದ ಕಡೆಗೆ ಮೆಲ್ಲಗೆ ಇಳಿಸು."

ಪೈಪು ನೆಲ ಮುಟ್ಟುವವರೆಗೆ ಹೆಂಡತಿ ಉಸಿರು ಬಿಡಲಿಲ್ಲ. ಆಮೇಲೆ ಅಳುತ್ತಲೇ ಬೈದಳು: "ಅತ್ತೆಯನ್ನ ಉಳಿಸೋಕೆ ಹೋಗಿ ನನ್ನ ಗತಿ ಏನು ಮಾಡ್ತಿದ್ರಿ?"

ಅವನು ಪೈಪಿನ ತುದಿಯಿಂದ ಕುಡುಗೋಲು ಬಿಚ್ಚತೊಡಗಿದ.

"ಕರೆಂಟಿನವರಿಗೆ ಹೇಳಿ ಲೈನ್ ಆಫ್ ಮಾಡಿಸು," ಎಂದಳು ತೋಟಗಾರ್ತಿ. "ಪಳಗಿದವರೇ ಮರ ಹತ್ತಲಿ. ಕೆಳಗೆ ಯಾರೂ ನಿಲ್ಲಬಾರದು. ಒಣಗಿ ಜೋತುಬಿದ್ದ ಗರಿ ಮಾತ್ರ ತೆಗೆಸು. ಹಸಿರು ಗರಿ ಮರದ ಅಡುಗೆಮನೆ, ಅದನ್ನ ಕಡಿದ್ರೆ ಮರ ಉಪವಾಸ ಬೀಳುತ್ತೆ. ಇನ್ನು ನೆತ್ತಿಯಲ್ಲಿ ಚಿಗುರೋ ಸುಳಿಗೆ ಏಟು ಬಿತ್ತೋ, ಮರ ಸತ್ತೇ ಹೋಗುತ್ತೆ."

"ಕೂದಲಿನ ಹಾಗೆ ಮತ್ತೆ ಬೆಳೆಯಲ್ವಾ ಅಕ್ಕ?"

"ಇಲ್ಲಪ್ಪ. ಅದಕ್ಕಿರೋದು ಒಂದೇ ಸುಳಿ."

ಎರಡು ದಿನದಲ್ಲಿ ಕೆಲಸ ಅಚ್ಚುಕಟ್ಟಾಗಿ ಮುಗಿಯಿತು. ತಾಯಿಯ ಕುರ್ಚಿ ಮತ್ತೆ ನೆರಳಿಗೆ ಬಂತು. ಕ್ಷೌರಿಕ ಈಗ ಗಿರಾಕಿಗಳನ್ನೆಲ್ಲ ಕೇಳುತ್ತಾನೆ, "ನಿಮ್ಮ ಮನೆ ಮರದ ಹತ್ತಿರ ತಂತಿ ಇದೆಯಾ?"

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮನ್ನೂ ಅದೇ ಕೇಳುತ್ತಿದ್ದೇವೆ. ಇವತ್ತೇ ಹಿತ್ತಿಲಿಗೆ ಹೋಗಿ ತಲೆ ಎತ್ತಿ ನೋಡಿ. ತಂತಿ ಕಂಡರೆ ಕಬ್ಬಿಣದ ಪೈಪು ಮುಟ್ಟದೆ ಕರೆಂಟಿನವರನ್ನು ಕರೆಯಿರಿ. ಸಮಯಕ್ಕೆ ಸರಿಯಾಗಿ ಗದರುವ ತೋಟಗಾರ್ತಿ ಎಲ್ಲರ ಪಕ್ಕದ ಮನೆಯಲ್ಲೂ ಇರುವುದಿಲ್ಲ.